ರೇಡಾರ್ ಕಂಡದ್ದು ತೋಟದಲ್ಲಿದ್ದವನಿಗೆ ಗೊತ್ತಾಗಬೇಡವೇ?



ಈ ಅಂಕಣದಲ್ಲಿ ನೀವು ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ತೆಂಗಿನ ಕೆಂಪುಮೂತಿ ಹುಳ, ಮಳೆಗಾಲದ ಇಲಿಜ್ವರ ಮುಂತಾದ ವಿಷಯಗಳನ್ನು ಓದುತ್ತೀರಿ. ಈ ಸಲ ಮೋಡದ ವಿಷಯ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಾದ ಘಟನೆಯನ್ನು ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

2024ರ ಮೇ ತಿಂಗಳ ಮೂರನೇ ವಾರ. ಇಗರ್ಜಿಯ ಅಡಿಕೆ ತೋಟಕ್ಕೆ ಮಳೆಗಾಲದ ಮೊದಲ ಮದ್ದು ಬಿಡುವ ಕೆಲಸ ನಡೆಯುತ್ತಿತ್ತು. ಮದ್ದು ಬಿಡುವವರು ಅನೇಕ ವರ್ಷಗಳಿಂದ ನಮ್ಮಲ್ಲಿಗೆ ಬರುವವರು, ಅರವತ್ತರ ಹತ್ತಿರದ ಪ್ರಾಯ. ಮೊದಲು ಮರ ಹತ್ತುತ್ತಿದ್ದರು. ಈಗ ಕೆಳಗೆ ನಿಂತು ಕಾರ್ಬನ್ ಫೈಬರಿನ ಉದ್ದ ದೋಟಿಯಿಂದ ಗೊನೆಗೆ ಮದ್ದು ಬಿಡುತ್ತಾರೆ. ಮಧ್ಯಾಹ್ನ ಒಂದೂವರೆಗೆ ನಾನು ಊಟಕ್ಕೆ ಕುಳಿತಿದ್ದಾಗ ಫೋನಿಗೆ ಒಂದು ಸಂದೇಶ ಬಂತು: ಮುಂದಿನ ಮೂರು ಗಂಟೆಗಳಲ್ಲಿ ಕಣ್ಣೂರು, ಕಾಸರಗೋಡು ಜಿಲ್ಲೆಗಳ ಕೆಲವೆಡೆ ಗುಡುಗು ಮಿಂಚು ಸಹಿತ ಮಳೆ, ಗಾಳಿ. ಸಂದೇಶ ಮಲಯಾಳದಲ್ಲಿತ್ತು. ನನಗೆ ಮಲಯಾಳ ತಡವರಿಸಿಯಾದರೂ ಓದಲು ಬರುತ್ತದೆ. ಓದಿದೆ, ದಿನಾ ಬರುವುದೇ ಎಂದು ಫೋನನ್ನು ಪಕ್ಕಕ್ಕಿಟ್ಟೆ. ಹೊರಗೆ ಸುಡುಬಿಸಿಲು.

ಮೂರು ಗಂಟೆಯ ಹೊತ್ತಿಗೆ ಪೂರ್ವದ ಗುಡ್ಡದ ಕಡೆಯಿಂದ ಕಪ್ಪು ಏರಿತು. ಮಳೆಯ ಹನಿ ಬೀಳುವ ಮೊದಲೇ ಸಿಡಿಲು ಬಡಿಯಿತು. ತೋಟದ ಅಂಚಿನ ತೆಂಗಿನಮರದ ತಲೆ ಹೊತ್ತಿ ಉರಿಯಿತು. ಆ ಮರದಿಂದ ಹತ್ತು ಮಾರು ದೂರದಲ್ಲಿ ಅವರು ಪೈಪಿನ ತುದಿ ಕಟ್ಟಿಕೊಂಡಿತೆಂದು ದೋಟಿಯನ್ನು ನೆಲಕ್ಕಿಟ್ಟು ಬಗ್ಗಿ ಕುಳಿತಿದ್ದರು. ಮೂರು ದಿನ ಅವರ ಕಿವಿ ಗುಂಯ್ ಎನ್ನುತ್ತಿತ್ತು, ಅಷ್ಟೇ. ದೋಟಿ ಕೈಯಲ್ಲಿ ಎತ್ತಿ ಹಿಡಿದಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುವ ವಸ್ತು. ಹೆಸರಿನಲ್ಲಿ ‘ಫೈಬರ್’ ಇದೆಯೆಂದು ಅನೇಕರು ಅದನ್ನು ಪ್ಲಾಸ್ಟಿಕ್ಕಿನ ಹಾಗೆ ನಿರಪಾಯವೆಂದು ತಿಳಿದಿದ್ದಾರೆ. ಕರೆಂಟಿನ ತಂತಿಯ ಹತ್ತಿರವೂ ಇದು ಅಪಾಯ.

ಸಂಜೆ ಜಗಲಿಯಲ್ಲಿ ಚಹಾ ಕುಡಿಯುತ್ತ ಅವರು ಕೇಳಿದರು: “ಫಾದರ್, ಇಂಥದ್ದು ಬರ್ತದೆ ಅಂತ ಮೊದಲೇ ಹೇಳ್ಲಿಕ್ಕೆ ಆಗುದಿಲ್ವಾ?” ಅವರ ಅಂಗಿಯ ಕಿಸೆಯ ಫೋನನ್ನು ತೆಗೆಸಿ ನೋಡಿದೆ. ಅದೇ ಸಂದೇಶ, ಅದೇ ಒಂದೂವರೆ ಗಂಟೆಗೆ, ಅದೇ ಮಲಯಾಳದಲ್ಲಿ ಬಂದು ಕುಳಿತಿತ್ತು. ಅವರು ಐದನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು.

ಮೊದಲೇ ಹೇಳಲು ಆಗುತ್ತದೆ. ಅದು ಹೇಗೆಂದು ಸ್ವಲ್ಪ ನೋಡೋಣ. ಯಂತ್ರ ಎಷ್ಟು ಕಾಣುತ್ತದೆ ಎಂಬುದು ತಿಳಿದರೆ, ಅದು ಕಂಡದ್ದು ಎಲ್ಲಿ ಬಂದು ನಿಂತುಹೋಗುತ್ತದೆ ಎಂಬುದೂ ತಿಳಿಯುತ್ತದೆ.

ಗುಡ್ಡದೆದುರು ನಿಂತು ಕೂಗಿದರೆ ಮಾರ್ದನಿ ಬರುತ್ತದಲ್ಲವೇ? ರೇಡಾರ್ ಮಾಡುವುದೂ ಅದನ್ನೇ. ಅದು ಕೂಗುವುದು ರೇಡಿಯೋ ಅಲೆಗಳಲ್ಲಿ. ಆ ಅಲೆಗಳು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತವೆ. ಮೋಡದೊಳಗಿನ ಮಳೆಹನಿಗೆ ತಾಗಿ ಅದರ ಒಂದು ಚಿಕ್ಕ ಪಾಲು ಹಿಂದಕ್ಕೆ ಬರುತ್ತದೆ. 150 ಕಿ.ಮೀ. ದೂರದ ಮಳೆಯಿಂದ ಮಾರ್ದನಿ ಬರಲು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಬರಲು ಹಿಡಿದ ಹೊತ್ತಿನಿಂದ ದೂರವೂ, ಬಂದ ಮಾರ್ದನಿಯ ಬಲದಿಂದ ಮಳೆಯ ಜೋರೂ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಹುಡುಕುತ್ತಿದ್ದ ಸೈನಿಕರಿಗೆ ಪರದೆಯ ಮೇಲೆ ಮೂಡುವ ಮಳೆಯ ಕಲೆಗಳು ಒಂದು ಕಿರಿಕಿರಿಯಾಗಿದ್ದವು. ಯುದ್ಧ ಮುಗಿದ ಮೇಲೆ, ಸೈನ್ಯಕ್ಕೆ ಬೇಡವಾದ ರೇಡಾರುಗಳನ್ನು ಹವಾಮಾನದವರು ಪಡೆದು ಆ ಕಿರಿಕಿರಿಯನ್ನೇ ವಿದ್ಯೆಯಾಗಿ ಮಾಡಿಕೊಂಡರು.

ಈಗಿನವು ‘ಡಾಪ್ಲರ್’ ರೇಡಾರುಗಳು. ಡಾಪ್ಲರ್ ಎಂಬವರು ಆಸ್ಟ್ರಿಯಾದ ವಿಜ್ಞಾನಿ. ಹತ್ತಿರ ಬರುವ ವಸ್ತುವಿನ ಅಲೆ ಒತ್ತಾಗುತ್ತದೆ, ದೂರ ಹೋಗುವುದರ ಅಲೆ ಸಡಿಲವಾಗುತ್ತದೆ ಎಂದು ಅವರು 1842ರಲ್ಲಿ ಹೇಳಿದರು. ಮೂರು ವರ್ಷಗಳ ಬಳಿಕ ಹಾಲೆಂಡಿನಲ್ಲಿ ಬಾಯ್ಸ್ ಬ್ಯಾಲಟ್ ಎಂಬ ವಿದ್ವಾಂಸರು ಕಹಳೆ ಊದುವವರನ್ನು ರೈಲಿನಲ್ಲಿ ಕೂರಿಸಿ ಓಡಿಸಿ, ಹಳಿಯ ಬದಿಯಲ್ಲಿ ಸಂಗೀತ ಬಲ್ಲವರನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಿದರು. ರೈಲು ಬರುವಾಗ ಸ್ವರ ಏರಿತು, ಹೋಗುವಾಗ ಇಳಿಯಿತು. ಇದೇ ತತ್ವದಿಂದ ಮಳೆಹನಿಗಳು ರೇಡಾರಿನ ಕಡೆ ಬರುತ್ತಿವೆಯೋ, ಹೋಗುತ್ತಿವೆಯೋ, ಯಾವ ವೇಗದಲ್ಲಿ ಎಂಬುದು ತಿಳಿಯುತ್ತದೆ. ಅಂದರೆ ಮೋಡದೊಳಗಿನ ಗಾಳಿಯೂ ಕಾಣುತ್ತದೆ. ಭಾರತದಲ್ಲಿ ಹವಾಮಾನಕ್ಕೆಂದು ಮೊದಲ ಡಾಪ್ಲರ್ ರೇಡಾರ್ 2002ರಲ್ಲಿ ಚೆನ್ನೈಯಲ್ಲಿ ಬಂತು.

ಉಪಗ್ರಹ ಇದೆಯಲ್ಲ, ರೇಡಾರ್ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಇನ್ಸಾಟ್ ಉಪಗ್ರಹಗಳು 36,000 ಕಿ.ಮೀ. ಎತ್ತರದಿಂದ ಇಡೀ ಸಮುದ್ರವನ್ನು ನೋಡುತ್ತವೆ. ಚಂಡಮಾರುತ ಹುಟ್ಟುವುದನ್ನು ಅವು ಕಾಣುತ್ತವೆ. ಆದರೆ ಮೇಲಿನಿಂದ ನೋಡುವವನಿಗೆ ಕೊಡೆ ಕಾಣುತ್ತದೆ, ಕೊಡೆಯ ಕೆಳಗಿನವನು ಕಾಣುವುದಿಲ್ಲ. ರೇಡಾರ್ ಮೋಡದ ಹೊಟ್ಟೆಯೊಳಗೆ ಕಣ್ಣು ಹಾಕಿ, ಹತ್ತು ನಿಮಿಷಕ್ಕೊಮ್ಮೆ ಎಂಬಂತೆ ಚಿತ್ರ ಬದಲಿಸುತ್ತದೆ. ಮೇ ತಿಂಗಳ ಮತ್ತು ತುಲಾ ಮಾಸದ ಮಧ್ಯಾಹ್ನದ ಮೋಡ ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಅದರ ತಲೆಯಲ್ಲಿ ಮಂಜುಗಡ್ಡೆಯ ಹರಳುಗಳು ಒಂದಕ್ಕೊಂದು ಬಡಿದು ವಿದ್ಯುತ್ ಹುಟ್ಟುತ್ತದೆ. ಆಟಿ ತಿಂಗಳ ಜಡಿಮಳೆಯ ಮೋಡ ಹೆಚ್ಚಾಗಿ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ, ಸಿಡಿಲೂ ಕಡಿಮೆ. ಅಂಟೆನಾವನ್ನು ಮೇಲೆ ಕೆಳಗೆ ತಿರುಗಿಸಿ ನೋಡುವ ರೇಡಾರಿಗೆ ಈ ಎರಡು ಬಗೆಯ ಮೋಡಗಳ ವ್ಯತ್ಯಾಸ ಸ್ಪಷ್ಟ. ಆದ್ದರಿಂದಲೇ ಮುಂದಿನ ಎರಡು ಮೂರು ಗಂಟೆಗಳ ಮುನ್ಸೂಚನೆ ಸಾಧ್ಯವಾಗಿರುವುದು. ಮದ್ದು ಒಣಗುವ ಮೊದಲು ಮಳೆ ಹೊಯ್ದರೆ ಮೈಲುತುತ್ತಿನ ದುಡ್ಡು ನೀರುಪಾಲು ಎಂದು ಬಲ್ಲ ಕೃಷಿಕನಿಗೆ ಈ ಎರಡು ಮೂರು ಗಂಟೆಗಳ ಬೆಲೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಹಾಗೆಂದು ಯಂತ್ರವನ್ನು ಸರ್ವಜ್ಞನೆಂದು ತಿಳಿಯಬಾರದು. ಅದರ ಎರಡು ಕೊರತೆಗಳು ನಮ್ಮಂಥ ಗುಡ್ಡದ ನಾಡಿಗೆ ಮುಖ್ಯವಾದವು. ಒಂದನೆಯದು ಭೂಮಿ ಉರುಟಾಗಿರುವುದು. ರೇಡಾರಿನ ಕಿರಣ ನೇರವಾಗಿ ಹೋಗುತ್ತದೆ, ಭೂಮಿ ಕೆಳಗೆ ಬಾಗುತ್ತದೆ. ಅರ್ಧ ಡಿಗ್ರಿ ಮೇಲಕ್ಕೆ ಮುಖಮಾಡಿದ ಕಿರಣ 100 ಕಿ.ಮೀ. ದೂರದಲ್ಲಿ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ, 200 ಕಿ.ಮೀ.ಯಲ್ಲಿ ನಾಲ್ಕು. ಕೊಚ್ಚಿಯ ರೇಡಾರ್ ನಮ್ಮ ಕಾಸರಗೋಡಿನಿಂದ ನೇರದಾರಿಯಲ್ಲೇ 300 ಕಿ.ಮೀ.ಯಷ್ಟು ದೂರ. ಅದರ ಕಿರಣ ಇಲ್ಲಿಗೆ ಮುಟ್ಟುವಾಗ ನಮ್ಮ ತಲೆಯ ಮೇಲೆ ಏಳೆಂಟು ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಕೊಚ್ಚಿಗೂ ಗೋವಾಕ್ಕೂ ನಡುವಿನ ಈ ಕರಾವಳಿ ಬಹುಕಾಲ ಹತ್ತಿರದ ಕಣ್ಣಿಲ್ಲದೆಯೇ ಇತ್ತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ‘ಮಿಷನ್ ಮೌಸಮ್’ ಯೋಜನೆಗೆ ಎರಡು ವರ್ಷಗಳಿಗೆಂದು 2,000 ಕೋಟಿ ರೂಪಾಯಿ ಒಪ್ಪಿತು. ಮಂಗಳೂರು, ವಯನಾಡು ಎಂಬ ಹೆಸರುಗಳೂ ರೇಡಾರ್ ಪಟ್ಟಿಗೆ ಸೇರಿದವು. ತಡವಾಯಿತು, ಆದರೂ ಸಂತೋಷ.

ಎರಡನೆಯದು ಹನಿಯ ಗಾತ್ರದ ಲೆಕ್ಕ. ಒಂದು ಮಿಲಿಮೀಟರಿನ ಹನಿಗಿಂತ ಎರಡು ಮಿಲಿಮೀಟರಿನ ಹನಿಯಲ್ಲಿ ಎಂಟು ಪಟ್ಟು ನೀರಿದೆ. ಆದರೆ ಅದರ ಮಾರ್ದನಿ ಅರವತ್ತನಾಲ್ಕು ಪಟ್ಟು! ದೊಡ್ಡ ಹನಿಯ ಗುಡುಗುಮಳೆ ರೇಡಾರಿಗೆ ಭಯಂಕರವಾಗಿ ಕಾಣುತ್ತದೆ. ಗುಡ್ಡಕ್ಕೆ ಒರಗಿ ರಾತ್ರಿ ಹಗಲು ಸಣ್ಣ ಹನಿಗಳಲ್ಲಿ ಸುರಿಯುವ ಮಳೆ, ಬಿದ್ದಷ್ಟು ಕಾಣುವುದಿಲ್ಲ. ಗುಡ್ಡ ಜರಿಯುವುದು ಹೆಚ್ಚಾಗಿ ಈ ಎರಡನೆಯ ಬಗೆಯ ಮಳೆಗೆ.

ಆದ್ದರಿಂದ ನೆಲದ ಮೇಲಿನ ಮಳೆಮಾಪಕ ಬೇಕೇಬೇಕು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕೈ, ಚೂರಲ್‌ಮಲೆ ಊರುಗಳು ಮಣ್ಣಿನಡಿ ಹೋದದ್ದು ನಿಮಗೆ ನೆನಪಿದೆ. ಇನ್ನೂರೈವತ್ತಕ್ಕೂ ಹೆಚ್ಚು ಜೀವ ಹೋಯಿತು. ಅಲ್ಲಿ ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಂಸ್ಥೆಯವರು ಊರವರ ಸಹಾಯದಿಂದ ಜಿಲ್ಲೆಯಾದ್ಯಂತ ಮಳೆಮಾಪಕಗಳನ್ನು ಇಟ್ಟು ದಿನಾ ಬರೆದುಕೊಳ್ಳುತ್ತಿದ್ದರು. ಆ ಪರಿಸರದ ಮಾಪಕದಲ್ಲಿ ಎರಡು ದಿನಕ್ಕೆ 572 ಮಿಲಿಮೀಟರ್ ಮಳೆ ದಾಖಲಾಯಿತು. ಗುಡ್ಡ ಜರಿಯುವ ಅಪಾಯವಿದೆಯೆಂದು 29ರ ಬೆಳಿಗ್ಗೆಯೇ ಅವರು ಎಚ್ಚರಿಸಿದ್ದರು. ಯಾರು ಯಾರಿಗೆ ಯಾವಾಗ ಹೇಳಿದರು, ಯಾರು ಕೇಳಲಿಲ್ಲ ಎಂಬ ಜಗಳ ಆಮೇಲೆ ದೆಹಲಿಯವರೆಗೂ ಹೋಯಿತು. ಆ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಮಳೆ ಅಳೆದವರಿದ್ದರು, ಅಳೆದದ್ದು ಸರಿಯಾಗಿತ್ತು, ಮಲಗಿದ್ದವರು ಮಲಗಿಯೇ ಇದ್ದರು ಎಂಬುದಷ್ಟೇ ನನ್ನನ್ನು ಕಾಡುವುದು.

ಇನ್ನು ಆರೋಗ್ಯದ ಒಂದು ಪ್ರಶ್ನೆ. ರೇಡಾರ್ ಬಂದರೆ ಅದರ ಕಿರಣದಿಂದ ಗರ್ಭಿಣಿಯರಿಗೆ, ಜೇನುನೊಣಗಳಿಗೆ ತೊಂದರೆಯಿಲ್ಲವೇ ಎಂದು ನಮ್ಮ ಧರ್ಮಕೇಂದ್ರದ ಒಬ್ಬ ಹಿರಿಯ ಬಾಯಿಯವರು ನನ್ನನ್ನು ಕೇಳಿದರು. ಕೆಲವು ಯುವಕರು ನಕ್ಕರು. ನಾನು ನಗಲಿಲ್ಲ. 2000ನೇ ಇಸವಿಯವರೆಗೆ ಎರಡು ದಶಕಕ್ಕೂ ಮಿಕ್ಕಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ಇದು. ‘ಏನೂ ಆಗುವುದಿಲ್ಲ’ ಎಂಬ ಮಾತನ್ನು ಆಗಲೂ ಕೇಳಿದವರು ನಾವು. ಈ ಊರಿನವರು ಆಕಾಶದಿಂದ ಬರುವ ಯಾವುದರ ಬಗ್ಗೆಯೂ ಕೇಳಲೇಬೇಕು. ಉತ್ತರ ಹೀಗಿದೆ: ರೇಡಾರಿನ ಅಲೆಗಳು ಎಕ್ಸ್‌ರೇಯಂಥವಲ್ಲ, ಜೀವಕೋಶದ ಒಳಗನ್ನು ಒಡೆಯುವ ಶಕ್ತಿ ಅವಕ್ಕಿಲ್ಲ. ಅತಿ ಹತ್ತಿರದಲ್ಲಿ, ಅಂಟೆನಾದ ಮುಂದೆಯೇ ನಿಂತವರಿಗೆ ಅದರ ಕಾವು ಅಪಾಯಕರ. ಅದಕ್ಕಾಗಿಯೇ ಅದನ್ನು ಗೋಪುರದ ಮೇಲೆ, ಮುಖ ಮೇಲಕ್ಕೆ ಮಾಡಿ ಇಡುತ್ತಾರೆ. ಇನ್ನೊಂದು ವಿಷಯ. ಇಂಥ ಯಂತ್ರ ಒಂದು ಗಂಟೆಯಲ್ಲಿ ಕೂಗುವ ಹೊತ್ತನ್ನೆಲ್ಲ ಕೂಡಿಸಿದರೆ ಏಳೆಂಟು ಸೆಕೆಂಡು ಮಾತ್ರ ಆಗುತ್ತದೆ. ಉಳಿದಷ್ಟೂ ಹೊತ್ತು ಅದು ಕಿವಿಗೊಟ್ಟು ಕೇಳುತ್ತಿರುತ್ತದೆ. (ಪ್ರಸಂಗ ಹೇಳುವ ನಾವು ಗುರುಗಳು ಇದನ್ನು ಗಮನಿಸಬೇಕು.)

ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತಿರುವನಂತಪುರದ ಹತ್ತಿರ ತುಂಬಾ ಎಂಬ ಮೀನುಗಾರರ ಹಳ್ಳಿಯಿದೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಆ ಊರಿನ ಹತ್ತಿರ ಹಾದುಹೋಗುವುದರಿಂದ ಮೇಲಿನ ವಾಯುಮಂಡಲವನ್ನು ಅಭ್ಯಾಸ ಮಾಡಲು ಅದು ತಕ್ಕ ಸ್ಥಳವೆಂದು ಡಾ. ವಿಕ್ರಮ್ ಸಾರಾಭಾಯಿ ಕಂಡುಕೊಂಡರು. ಆ ಜಾಗದಲ್ಲಿ ಸಂತ ಮೇರಿ ಮಗ್ದಲೇನರ ಇಗರ್ಜಿ ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ಜನರನ್ನು ಒಪ್ಪಿಸಿ ಇಗರ್ಜಿಯನ್ನೂ ಜಾಗವನ್ನೂ ವಿಜ್ಞಾನಕ್ಕೆ ಬಿಟ್ಟುಕೊಟ್ಟರು. ಆ ಇಗರ್ಜಿಯ ಕಟ್ಟಡವೇ ರಾಕೆಟಿನ ಕಾರ್ಯಾಗಾರವಾಯಿತು. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಅಲ್ಲಿಂದ ಹಾರಿ, ಸೋಡಿಯಂ ಆವಿಯನ್ನು ಬಿಟ್ಟು, ಎತ್ತರದ ಗಾಳಿಯ ದಾರಿಯನ್ನು ತೋರಿಸಿತು. ದೇಶದ ಬಾಹ್ಯಾಕಾಶ ವಿದ್ಯೆ ಅಲ್ಲಿಂದ ಬೆಳೆಯಿತು. ಇಂದು ಮೋಡ ನೋಡುವ ಉಪಗ್ರಹಗಳ ಬೇರು ಆ ಕಡಲ ತೀರದಲ್ಲಿದೆ.

ಐವತ್ತನಾಲ್ಕು ವರ್ಷಗಳ ನಂತರ, 2017ರ ನವೆಂಬರ್ ಕೊನೆಗೆ, ಅದೇ ಕರಾವಳಿಯಲ್ಲಿ ಒಖಿ ಚಂಡಮಾರುತ ಬಂತು. ಪೂಂತುರ, ವಿಳಿಂಜಂ ಊರುಗಳಿಂದ, ಗಡಿಯಾಚೆಯ ಕನ್ಯಾಕುಮಾರಿಯಿಂದ ಮೀನುಗಾರರು ಆಗಲೇ ಆಳಸಮುದ್ರಕ್ಕೆ ಹೋಗಿಯಾಗಿತ್ತು. ಬಿರುಗಾಳಿ ಬೇಗಬೇಗನೆ ಬಲಗೊಂಡದ್ದು ನಿಜ. ಆದರೆ ದಡದಲ್ಲಿ ಎಚ್ಚರಿಕೆ ಕೊಟ್ಟ ಮೇಲೂ ಅದು ಮೊಬೈಲ್ ಸಿಗದ ದೂರದಲ್ಲಿದ್ದ ದೋಣಿಗಳಿಗೆ ಮುಟ್ಟುವ ದಾರಿಯೇ ಇರಲಿಲ್ಲ. ನೂರಾರು ಮಂದಿ ಸತ್ತರು, ಕಾಣೆಯಾದರು. ಆಕಾಶ ನೋಡಲೆಂದು ತಮ್ಮ ಇಗರ್ಜಿಯನ್ನೇ ಕೊಟ್ಟ ಕರಾವಳಿಯ ಜನಕ್ಕೆ ಆಕಾಶದ ಸುದ್ದಿ ಮುಟ್ಟಲಿಲ್ಲ. ಆಮೇಲೆ ನಾವಿಕ್ ಉಪಗ್ರಹದ ಮೂಲಕ ದೋಣಿಗೆ ಸಂದೇಶ ಕಳಿಸುವ ಉಪಕರಣಗಳನ್ನು ಹಂಚಿದರು. ಅಂದರೆ ಕೊರತೆ ಎಲ್ಲಿತ್ತು ಎಂಬುದು ಎಲ್ಲರಿಗೂ ಗೊತ್ತಾಯಿತು.

ನಮ್ಮಲ್ಲಿ ಕೊರತೆ ಇರುವುದು ಭಾಷೆಯಲ್ಲಿ. ಸಮುದ್ರದ ಹಾಗೆ ನಲವತ್ತು ಮೈಲಿ ದೂರವಲ್ಲ, ಅಂಗಿಯ ಕಿಸೆಯೊಳಗೆಯೇ ಬಂದು ಸಂದೇಶ ನಿಂತುಹೋಗುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಈ ತಾಲೂಕು ಕೇರಳಕ್ಕೆ ಸೇರಿತು. ಕನ್ನಡದಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಅವಕಾಶವನ್ನು 1969ರ ರಾಜ್ಯ ಭಾಷಾ ಕಾಯಿದೆಯೇ ಇಲ್ಲಿನ ಅಲ್ಪಸಂಖ್ಯಾತರಿಗೆ ಇಟ್ಟಿದೆ. ಅರ್ಜಿಗೆ, ರೇಶನ್ ಕಾರ್ಡಿಗೆ ಕನ್ನಡ ಬೇಕೆಂದು ಹಿರಿಯರು ಹೋರಾಡಿದ್ದಾರೆ. ಆದರೆ ಅರ್ಜಿ ನಾಳೆ ಓದಿಸಿಕೊಂಡರೂ ನಡೆಯುತ್ತದೆ. ಮೂರು ಗಂಟೆಯಲ್ಲಿ ಸಿಡಿಲು ಬರುವ ಸುದ್ದಿಯನ್ನು ನಾಳೆ ಓದಿಸಿಕೊಂಡು ಏನು ಮಾಡುವುದು?

ಇಷ್ಟು ವರ್ಷವಾಯಿತು, ಮಲಯಾಳ ಕಲಿಯಬಾರದೇ ಎಂದು ನನ್ನ ಸಹೋದರ ಗುರುಗಳೊಬ್ಬರು ಕೇಳಿದರು. ನ್ಯಾಯವಾದ ಮಾತೇ. ಮಕ್ಕಳು ಕಲಿಯಲಿ, ಕಲಿಯುತ್ತಿದ್ದಾರೆ. ಅರವತ್ತು ವರ್ಷದ ಕೂಲಿಯವನು ಮಲಯಾಳ ಅಕ್ಷರ ಕಲಿಯುವವರೆಗೆ ಸಿಡಿಲು ಕಾಯುತ್ತದೆಯೇ? ಇನ್ನೊಂದು ತೊಡಕೂ ಇದೆ. ನಮ್ಮ ಅನೇಕ ಮನೆಗಳಲ್ಲಿ ನೋಡುವುದು ಮಂಗಳೂರಿನ ಸುದ್ದಿ. ಅಲ್ಲಿ ಹೇಳುವ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ದಕ್ಷಿಣ ಕನ್ನಡ ಜಿಲ್ಲೆಯದ್ದು. ತಲಪಾಡಿಯ ಈಚೆಗೆ ಬಣ್ಣ ಬೇರೆ ಇರಬಹುದು. ಶಾಲೆಗೆ ರಜೆ ಎಂಬ ಸುದ್ದಿ ಮಾತ್ರ ಯಾವ ಭಾಷೆಯಲ್ಲಿ ಬಂದರೂ ಎರಡು ನಿಮಿಷದಲ್ಲಿ ಮಕ್ಕಳಿಗೆ ಮುಟ್ಟುತ್ತದೆ, ಅದು ಬೇರೆ.

ಈ ಸಂದೇಶಗಳನ್ನು ಕೆಲವು ತಿಂಗಳು ಇಟ್ಟುಕೊಂಡು ನೋಡಿದ್ದೇನೆ. ಬದಲಾಗುವುದು ಜಿಲ್ಲೆಯ ಹೆಸರು, ಗಂಟೆ, ಗಾಳಿಯ ವೇಗ, ಮಳೆಯ ಬಲ. ಉಳಿದ ವಾಕ್ಯ ಒಂದೇ. ಆ ಒಂದು ವಾಕ್ಯವನ್ನು ಒಮ್ಮೆ ಕನ್ನಡ ಮಾಡಿಟ್ಟರೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಟವರುಗಳಿಗೆ ಎರಡೂ ಭಾಷೆಗಳಲ್ಲಿ ಕಳಿಸಬಹುದು. ಕೋಟಿಗಟ್ಟಲೆಯ ರೇಡಾರ್ ಕೊಂಡವರಿಗೆ ಈ ಒಂದು ವಾಕ್ಯ ಭಾರವಾಗಲಾರದು.

ಅಷ್ಟರವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಎಚ್ಚರಿಕೆ ಬಂದ ಕೂಡಲೇ ಇಗರ್ಜಿಯ ಗಂಟೆ ಬಾರಿಸಬಾರದೇ ಎಂದು ಪಾಲನಾ ಸಭೆಯಲ್ಲಿ ಒಬ್ಬರು ಸೂಚಿಸಿದರು. ಯುರೋಪಿನಲ್ಲಿ ಹಿಂದೆ ಸಿಡಿಲು ಓಡಿಸಲೆಂದೇ ಗುಡುಗುವಾಗ ಗಂಟೆ ಬಾರಿಸುವ ಪದ್ಧತಿಯಿತ್ತು. ‘ನಾನು ಸಿಡಿಲನ್ನು ಮುರಿಯುತ್ತೇನೆ’ ಎಂಬ ಅರ್ಥದ ಲ್ಯಾಟಿನ್ ಮಾತುಗಳನ್ನು ಗಂಟೆಯ ಮೇಲೆ ಕೆತ್ತಿಸುತ್ತಿದ್ದರು. ಎತ್ತರದ ಗೋಪುರ, ನೆನೆದ ಹಗ್ಗ! ಮೂವತ್ತಮೂರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಗಂಟೆ ಬಾರಿಸುವವರು ಹೀಗೆ ಸತ್ತರೆಂದು ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯಲ್ಲಿ ಲೆಕ್ಕ ಬರೆದಿಟ್ಟಿದ್ದಾರೆ. ಆದ್ದರಿಂದ ಹೀಗೆ ತೀರ್ಮಾನಿಸಿದೆವು: ಸಂದೇಶ ಬಂದಾಗ, ಆಕಾಶ ಇನ್ನೂ ತಿಳಿಯಾಗಿರುವಾಗಲೇ, ಐದೈದು ಪೆಟ್ಟಿನಂತೆ ಮೂರು ಸಲ. ಗುಡುಗು ಕೇಳಿದ ಮೇಲೆ ಹಗ್ಗ ಮುಟ್ಟುವಂತಿಲ್ಲ.

ಪ್ರತಿ ವಾಳೆಯ ಗುರಿಕಾರರು ಮಲಯಾಳ ಓದಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಗೊತ್ತುಮಾಡಿದ್ದಾರೆ. ಸಂದೇಶ ಬಂದರೆ ಅವರು ಕನ್ನಡದಲ್ಲಿ ಮಾತಾಡಿ ಫೋನಿನಲ್ಲಿ ಕಳಿಸುತ್ತಾರೆ. ತೋಟದ ಕೆಲಸಕ್ಕೆ ಬರುವವರು ಯಾವ ಧರ್ಮದವರಾದರೂ ಅವರ ನಂಬರೂ ಪಟ್ಟಿಯಲ್ಲಿರಬೇಕು. ಗುಡುಗು ಕೇಳಿಸುವಷ್ಟು ಹತ್ತಿರವಿದ್ದರೆ ಸಿಡಿಲೂ ಬಡಿಯುವಷ್ಟು ಹತ್ತಿರವಿದೆ ಎಂದೇ ತಿಳಿಯಿರಿ. ದೋಟಿ, ಏಣಿ ಕೆಳಗಿಟ್ಟು ಮನೆಯೊಳಗೆ ಬನ್ನಿ, ಮರದಡಿ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೊರಗೆ ಹೋಗಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಮುಟ್ಟಲು ಹೆದರಿ ದೂರ ನಿಂತದ್ದರಿಂದಲೇ ಜೀವ ಹೋಗಬಹುದು. ಉಸಿರಿಲ್ಲದಿದ್ದರೆ 108ಕ್ಕೆ ಫೋನು ಮಾಡಿಸಿ, ಎದೆಯ ನಡುವೆ ಎರಡೂ ಅಂಗೈಗಳಿಂದ ನಿಮಿಷಕ್ಕೆ ನೂರು ಸಲಕ್ಕಿಂತ ಕಡಿಮೆಯಾಗದಂತೆ ಬಲವಾಗಿ ಒತ್ತುತ್ತಿರಿ, ಬಿಡಬೇಡಿ.

ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ ಇಟ್ಟಿದ್ದೇವೆ. ಎಂಟನೇ ತರಗತಿಯ ಮಕ್ಕಳು ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಇಗರ್ಜಿಯ ಬಾಗಿಲ ಬಳಿ ಹಲಗೆಯಲ್ಲಿ ಬರೆಯುತ್ತಾರೆ. ಗುಡ್ಡದ ಬುಡದ ವಾಳೆಯವರು ಇನ್ನೊಂದನ್ನು ತಮ್ಮಲ್ಲಿ ಇಡಲು ಮುಂದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಎಚ್ಚರಿಕೆಯ ಸಂದೇಶ ಕನ್ನಡದಲ್ಲೂ ಬರಬೇಕೆಂಬ ಮನವಿಯ ಪ್ರತಿ ಇಗರ್ಜಿಯ ಕಚೇರಿಯಲ್ಲಿದೆ. ಭಾನುವಾರ ಎರಡನೇ ಬಲಿಪೂಜೆಯ ನಂತರ ಸಹಿ ಹಾಕಬಹುದು. ಹೆಬ್ಬೆಟ್ಟಿಗೂ ಜಾಗ ಬಿಟ್ಟಿದೆ. ಮೊದಲ ಸಹಿ ನಮ್ಮ ತೋಟಕ್ಕೆ ಮದ್ದು ಬಿಡುವವರದ್ದು. ಒಂದೂವರೆ ಗಂಟೆಯ ಸಂದೇಶವನ್ನು ನಾನು ಓದಿ ಪಕ್ಕಕ್ಕಿಟ್ಟಿದ್ದೆ ಎಂದು ಅವರಿಗೆ ಹೇಳಿದ್ದೇನೆ.